ಐದು ಗಂಟೆಯ ನೋವು

ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕಿರುವ ಜಯಶೀಲ ಶೆಟ್ಟರ ಹೋಟೆಲಿನಲ್ಲಿ ಬೆಳಗಿನ ಹೊತ್ತು ಕಾಲಿಡಲು ಜಾಗವಿರುವುದಿಲ್ಲ. ಲೋಕಲ್ ಹಿಡಿಯುವವರು ನಿಂತೇ ಇಡ್ಲಿ ನುಂಗುತ್ತಾರೆ. ಮೂವತ್ತು ವರ್ಷ ಈ ಗದ್ದಲದಲ್ಲೇ ಕಳೆದ ಶೆಟ್ಟರಿಗೆ ಒಂದು ವಿಷಯದಲ್ಲಿ ಭಾರೀ ನಂಬಿಕೆ: ಎದೆನೋವು ಅಂದರೆ ಗ್ಯಾಸ್, ಅದಕ್ಕೆ ಮದ್ದು ನಿಂಬೆ ಸೋಡಾ. ಎಷ್ಟೋ ಗಿರಾಕಿಗಳನ್ನು ಹೀಗೆ ಗುಣಪಡಿಸಿದ ಹೆಮ್ಮೆಯೂ ಇತ್ತು. ಹಾಗಾಗಿ ಆ ದಿನ ಬೆಳಗ್ಗೆ ಐದಕ್ಕೆ, ಚಟ್ನಿಗೆ ಕಾಯಿ ತುರಿಯುತ್ತಿದ್ದ ಹೆಂಡತಿ ಸ್ವರ್ಣಲತಾ, "ಎದೆ ಹಿಡಿದ ಹಾಗೆ ಆಗ್ತದೆ, ದವಡೆಯೂ ನೋಯ್ತಾ ಉಂಟು" ಎಂದಾಗ ಸೋಡಾ ಕೈಗೆ ಕೊಟ್ಟು ಗಲ್ಲಾಕ್ಕೆ ಹೋಗಿ ಕೂತರು.

ಎಂಟಕ್ಕೆ ಬಂದ ಮಗಳು ಅಶ್ಮಿತಾ, ಅಕ್ಕಿ ಮೂಟೆಯ ಮೇಲೆ ಬೆವರಿನಲ್ಲಿ ತೊಯ್ದು ಕೂತಿದ್ದ ಅಮ್ಮನನ್ನು ಕಂಡಳು. ಯಾರನ್ನೂ ಕೇಳದೆ ರಿಕ್ಷಾ ಹತ್ತಿಸಿದಳು. ಶೆಟ್ಟರೂ ಗೊಣಗುತ್ತ ಹತ್ತಿದರು.

ಹತ್ತಿರದ ಆಸ್ಪತ್ರೆಯಲ್ಲಿದ್ದ ಡಾಕ್ಟರ್ ಸಂಯುಕ್ತಾ ಮೈಸೂರಿನವರು. ಇಸಿಜಿ ನೋಡಿ, "ಇದರಲ್ಲಿ ದೊಡ್ಡ ಬದಲಾವಣೆ ಕಾಣಿಸ್ತಿಲ್ಲ" ಎಂದರು.

"ನೋಡು, ನಾನು ಹೇಳಲಿಲ್ವಾ?" ಶೆಟ್ಟರು ಎದ್ದರು. "ಮಧ್ಯಾಹ್ನದ ಊಟದ ಕೆಲಸ ಉಂಟು ಮೇಡಂ. ಕರ್ಕೊಂಡು ಹೋಗ್ತೇವೆ."

"ಕೂತ್ಕೊಳ್ಳಿ. ಮೊದಲ ಇಸಿಜಿ ಸರಿ ಇದ್ದ ಮಾತ್ರಕ್ಕೆ ಹಾರ್ಟ್ ಅಟ್ಯಾಕ್ ಇಲ್ಲ ಅಂತಲ್ಲ. ಇವರಿಗೆ ಶುಗರ್ ಇದೆ, ಇಷ್ಟು ಬೆವರ್ತಿದಾರೆ. ಅಮ್ಮಾ, ನೋವು ಯಾವಾಗ ಶುರುವಾಯ್ತು? ಈಗಷ್ಟೇ ಆದ್ರೆ ರಕ್ತಪರೀಕ್ಷೆ ಮಾಡಿ, ಇನ್ನೊಂದು ಇಸಿಜಿ ತೆಗೆದು ನೋಡೋಣ. ಗಂಟೆಗಟ್ಟಲೆಯಿಂದ ಬಿಡದೆ ನೋಯ್ತಿದ್ರೆ ಕಾಯೋ ಹಾಗಿಲ್ಲ. ಕೂಡಲೇ ಆಂಜಿಯೋಗ್ರಫಿ ಮಾಡ್ಬೇಕು."

ಸ್ವರ್ಣಲತಾ ಗಂಡನ ಮುಖ ನೋಡಿದಳು. "ಅರ್ಧ ಗಂಟೆ ಆಗಿರ್ಬಹುದು. ಇವರಿಗೆ ನಾನು ಹೇಳ್ಲೇ ಇಲ್ಲ."

"ಮಮ್ಮಿ, ಸಚ್ ಬೋಲ್ ನಾ, ನಿಜ ಹೇಳು" ಎಂದಳು ಅಶ್ಮಿತಾ.

ಶೆಟ್ಟರಿಗೆ ಅರ್ಥವಾಯಿತು. ಮಗಳ ಮುಂದೆ ಅವರ ಮರ್ಯಾದೆ ಉಳಿಸಲು ಹೆಂಡತಿ ಸುಳ್ಳು ಹೇಳುತ್ತಿದ್ದಳು. ಇಷ್ಟು ವರ್ಷವೂ ಅದನ್ನೇ ಮಾಡಿದ್ದಳು, ಅವರಿಗೂ ಅದು ಅನುಕೂಲವಾಗಿತ್ತು. ಈಗಲೂ ಬಾಯಿಮುಚ್ಚಿ ಕೂತರೆ ಸಾಕು, ಸಂಗತಿ ಇಬ್ಬರಲ್ಲೇ ಉಳಿಯುತ್ತದೆ. ಒಂದು ಕ್ಷಣ ಹಾಗೇ ಕೂತರು ಕೂಡ. ಆಕೆ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದಳು, ತುಟಿ ಬಿಳಿಚಿತ್ತು.

"ಸುಳ್ಳು, ಮೇಡಂ" ಎಂದರು. "ಐದು ಗಂಟೆಗೇ ಹೇಳಿದ್ದಾಳೆ. ಆರೂವರೆಗೆ ಇನ್ನೊಮ್ಮೆ ಹೇಳಿದ್ಳು. ಸೋಡಾ ಕುಡಿಸಿ ಕೆಲಸಕ್ಕೆ ಹಚ್ಚಿದ್ದು ನಾನೇ."

ಅಶ್ಮಿತಾ ತಿರುಗಿ ನೋಡಿದಳು. ಆ ನೋಟ ಎದುರಿಸಲಾಗದೆ ಶೆಟ್ಟರು ತಲೆ ತಗ್ಗಿಸಿದರು. ಡಾಕ್ಟರು ಬೈಯಲಿಲ್ಲ, ಅದಕ್ಕೆ ಪುರುಸೊತ್ತಿರಲಿಲ್ಲ. ಫೋನೆತ್ತಿ ಎರಡು ಮಾತಾಡಿದರು, ಟ್ರಾಲಿ ಬಂತು. ಶೆಟ್ಟರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ಹೆಂಡತಿಯ ಚಪ್ಪಲಿ ಹಿಡಿದುಕೊಂಡು ಆಂಜಿಯೋಗ್ರಫಿ ಕೋಣೆಯ ಬಾಗಿಲಿನವರೆಗೂ ಟ್ರಾಲಿಯ ಹಿಂದೆ ನಡೆದರು.

ಹೊರಗೆ ಮಗಳು ಎರಡು ಕುರ್ಚಿ ಬಿಟ್ಟು ಕೂತಳು. ಒಂದೂವರೆ ಗಂಟೆ ಕಳೆದ ಮೇಲೆ ಡಾಕ್ಟರು ಬಂದರು. "ಒಂದು ರಕ್ತನಾಳ ಹೆಚ್ಚುಕಡಿಮೆ ಮುಚ್ಚೇ ಹೋಗಿತ್ತು. ಸ್ಟೆಂಟ್ ಹಾಕಿದ್ದೀವಿ. ಹೃದಯಕ್ಕೆ ಸ್ವಲ್ಪ ಪೆಟ್ಟು ಬಿದ್ದಿದೆ, ಜೀವಕ್ಕೆ ಸದ್ಯ ಅಪಾಯ ಇಲ್ಲ. ನೀವು ಸಮಯ ಸರಿಯಾಗಿ ಹೇಳಿದ್ದು ಒಳ್ಳೇದಾಯ್ತು."

ಅದು ಹೊಗಳಿಕೆ ಎಂದು ಶೆಟ್ಟರಿಗೆ ಅನ್ನಿಸಲಿಲ್ಲ.

ಸಂಜೆ ಐದು ನಿಮಿಷ ಐಸಿಯು ಒಳಗೆ ಬಿಟ್ಟರು. ಶೆಟ್ಟರು ಸ್ಟೂಲ್ ಎಳೆದು ಕೂತರು.

"ನೋವು ಉಂಟಾ?"

"ಎಂತ ಇಲ್ಲ. ನೀವು ಹೋಟ್ಲಿಗೆ ಹೋಗಿ."

"ಹೋಟ್ಲು ಇರ್ಲಿ. ಸರಿಯಾಗಿ ಹೇಳು, ನಾನು ಕೇಳ್ತೇನೆ."

ಸ್ವರ್ಣಲತಾ ತುಸು ಹೊತ್ತು ಗಂಡನನ್ನೇ ನೋಡಿದಳು, ನಂಬಲೋ ಬೇಡವೋ ಎಂಬಂತೆ. ಆಮೇಲೆ ನಿಧಾನವಾಗಿ ಕೈ ಎತ್ತಿ ಎಡಭುಜದ ಕೆಳಗೆ ಇಟ್ಟಳು.

"ಇಲ್ಲಿ... ಸ್ವಲ್ಪ."

ಶೆಟ್ಟರು ಎದ್ದು ಸಿಸ್ಟರನ್ನು ಕರೆಯಲು ಹೋದರು.