ಮೈಗಾಗದ ಔಷಧ

ಸಲೈನ್ ಸೂಜಿಯ ತೂತಿನಿಂದ ಇನ್ನೂ ಜಿನುಗುತ್ತಿದ್ದ ರಕ್ತವನ್ನು ಒರೆಸಿ, ಊರಿನ ನರ್ಸ್ ಸುಂದರಾ ಹತ್ತಿಯನ್ನು ಕಂದು ಅಯೋಡಿನ್ನಿನಲ್ಲಿ ಅದ್ದಿದ್ದಳಷ್ಟೆ.

"ಅದನ್ನ ಹಚ್ಚಬ್ಯಾಡವಾ," ಎಂದ ಬಾಗಿಲಲ್ಲಿ ನಿಂತಿದ್ದ ಮುರಗೆಪ್ಪ. "ಅಕಿಗಿ ಆಗಂಗಿಲ್ಲ."

ಹೆಣಕ್ಕೆ ಸೀರೆ ಉಡಿಸುತ್ತಿದ್ದ ಹೆಂಗಸರ ಕೈ ನಿಂತವು. ಗೋಡೆಗೆ ಒರಗಿಸಿ ಕೂರಿಸಿದ್ದ ಕಸ್ತೂರೆವ್ವ ಅವನ ಎರಡನೆಯ ಹೆಂಡತಿ. ಮಿರಜದ ದವಾಖಾನೆಯಲ್ಲಿ ಕಾಮಾಲೆಯಿಂದ ಸತ್ತು, ನಸುಕಿನಲ್ಲಿ ಉಗಾರಕ್ಕೆ ಮರಳಿದ್ದಳು.

"ಇನ್ನೇನ ಆಗೂದೈತಿ ಮಾವಾ," ಎಂದಳು ನೆರೆಮನೆಯ ಮಲಕವ್ವ, ಮೆಲ್ಲಗೆ. ಸುಂದರಾ ಮಾತ್ರ ಹತ್ತಿ ಬಿಸುಟು ಬರೇ ಅರಿವೆ ಕಟ್ಟಿದಳು.

ಹೆಣದ ಭುಜ ಹಿಡಿದು ಕೂತಿದ್ದ ಮೊದಲ ಹೆಂಡತಿ ಗಿರಿಜವ್ವನ ಹೊಟ್ಟೆ ಉರಿಯಿತು. ಸತ್ತ ಮೇಲೂ ಆಗಂಗಿಲ್ಲಂತ.

*

ಎಂಟು ವರ್ಷದ ಹಿಂದೆ, ಎರಡನೆಯ ಹೆರಿಗೆಯಾದ ಮೇಲೆ, ಕಸ್ತೂರೆವ್ವನನ್ನು ಆಪರೇಷನ್ ಕ್ಯಾಂಪಿಗೆ ಕರೆದೊಯ್ದವಳು ಮಕ್ಕಳಿಲ್ಲದ ಗಿರಿಜವ್ವನೇ. ಹೊಟ್ಟೆಗೆ ಅಯೋಡಿನ್ ಬಳಿದು ಕಾಲು ತಾಸಾಗಿರಲಿಲ್ಲ. ಬಳಿದಷ್ಟೂ ಜಾಗ ದದ್ದೆದ್ದು, ತುಟಿ ಬಾತು, ಉಸಿರು ಸಿಳ್ಳೆ ಹಾಕಿತು. ಡಾಕ್ಟರರು ಸೂಜಿ ಕೊಟ್ಟು ಉಳಿಸಿ, ಅವಳ ಮೈಗಾಗದ ಆ ಔಷಧದ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರು. ಅಂದಿನಿಂದ ಆ ಚೀಟಿ, ಪ್ಲಾಸ್ಟಿಕ್ ಸುತ್ತಿಕೊಂಡು, ಮುರಗೆಪ್ಪನ ಎದೆಯ ಜೇಬಿನಲ್ಲಿ. ಅಂಗಿ ಒಗೆಯುವಾಗೆಲ್ಲ ಅದನ್ನು ತೆಗೆದಿಟ್ಟು, ಒಣಗಿದ ಮೇಲೆ ಮತ್ತೆ ಇಡುವವಳು ಗಿರಿಜವ್ವ.

ಕಸ್ತೂರೆವ್ವ ಕೆಟ್ಟವಳಾಗಿದ್ದರೆ ಸುಲಭವಿತ್ತು. ಅವಳು ದಿನಾ ಮೊದಲ ರೊಟ್ಟಿ ಅಕ್ಕನಿಗೇ ಬಡಿಸುತ್ತಿದ್ದಳು.

ಒಮ್ಮೆ ಕಬ್ಬು ಕಡಿಯುವಾಗ ಕೊಯ್ತಾ ತಾಗಿ ಗಿರಿಜವ್ವನ ಪಾದ ಸೀಳಿತ್ತು. "ಇವ್ರಿಗಿ ಯಾವದರ ಔಷಧ ಆಗೂದಿಲ್ಲೇನ್ರಿ?" ಎಂದು ಕಂಪೌಂಡರ್ ಕೇಳಿದಾಗ ಮುರಗೆಪ್ಪ ನಕ್ಕಿದ್ದ.

"ಇಕಿಗೇನ ಆಕ್ಕೈತ್ರಿ? ಬೇಕಾದ್ದ ಹಚ್ರಿ. ಕಲ್ಲಿನಂಥಾಕಿ."

*

ಹೆಣ ಎತ್ತುವ ಮುನ್ನ ಮುರಗೆಪ್ಪ ಜೇಬಿನ ಚೀಟಿ ತೆಗೆದು ಕಸ್ತೂರೆವ್ವನ ಸೆರಗಿನ ತುದಿಗೆ ಗಂಟು ಹಾಕಿದ. ಗಂಡಸರು ಹೊರಟರು. ಹೆಂಗಸರು ಮನೆ ತೊಳೆಯಲೆಂದು ನೀರಿಗೆ ಹೋದರು.

ಕಿಟಕಿಯಲ್ಲಿ ಸುಂದರಾ ಮರೆತುಹೋದ ಬಾಟಲಿಯಿತ್ತು. ಗಿರಿಜವ್ವ ಬಳೆಗಳನ್ನು ಮೇಲೇರಿಸಿ, ಮಣಿಕಟ್ಟಿಗೆ ಅಯೋಡಿನ್ ದಪ್ಪಗೆ ಬಳಿದುಕೊಂಡು ಪಡಸಾಲೆಯಲ್ಲಿ ಕೂತಳು. ಕಾಲು ತಾಸಾಯಿತು. ತಾಸಾಯಿತು. ಔಷಧ ಒಣಗಿತು, ಕೆಳಗಿನ ಚರ್ಮ ಎಂದಿನಂತೆ ನುಣ್ಣಗಿತ್ತು.

ಅಂಗಳದಲ್ಲಿ ಗಂಡಸರ ಕೆಮ್ಮು ಕೇಳಿಸಿತು. ಅವಳು ಆ ಜಾಗವನ್ನು ಉಗುರಿನಿಂದ ಕೆರೆಯತೊಡಗಿದಳು, ಕೆಂಪೇಳುವವರೆಗೆ. ಮುರಗೆಪ್ಪ ಕಾಲಿಗೆ ನೀರು ಹಾಕಿಕೊಂಡು ಹೊಸ್ತಿಲು ದಾಟುವಷ್ಟರಲ್ಲಿ, ಕೈಯನ್ನು ಬೆಳಕಿನ ಕಡೆ ತಿರುಗಿಸಿ ಮೊಣಕಾಲ ಮೇಲೆ ಇಟ್ಟುಕೊಂಡಿದ್ದಳು.