ಜನಕ್ಕೆ ಬಿಟ್ಟ ಸಾಲು

ಟೋರ್ಬೆನ್ ಸತ್ತ ಸುದ್ದಿ ಕೇಳಿ ವೀಬ್ಕೆ ಅಳಲಿಲ್ಲ. ಎಂಟು ವರ್ಷದಿಂದ ಮಾತು ಬಿಟ್ಟವನಿಗಾಗಿ ಅಳು ಎಲ್ಲಿಂದ ಬರಬೇಕು? ಹಿಂದೆ ಇಬ್ಬರದೂ ಒಂದೇ ತಂಡ. ಅವನು ಹಾಡುಗಾರ, ಅವಳದು ಸಿಂಥಸೈಜರ್. ಹೆರ್ನೆ ಊರಿನ ಹಳೇ ಕಲ್ಲಿದ್ದಲು ಗಣಿಯ ಶೆಡ್ಡಿನಲ್ಲಿ ಕಟ್ಟಿದ ಅವರ ಒಂದು ಹಾಡು ಜರ್ಮನಿಯನ್ನೆಲ್ಲ ಕುಣಿಸಿತ್ತು. ಸತ್ತವನೊಬ್ಬ ಆಚೆ ಲೋಕದ ಬಾಗಿಲು ತಟ್ಟುವ ಹಾಡು. ತಟ್ಟಿ ತಟ್ಟಿ ಸಾಕಾಗಿ ಕಡೆಗೆ ಅವನು ಹೇಳುವುದು, 'ಆ ಕಡೆ ಯಾರೂ ಇಲ್ಲ.' ರೇಡಿಯೋದವರು ಆ ಸಾಲು ಬೇಡ ಎಂದರು, ವೀಬ್ಕೆ ಕತ್ತರಿಸಿ ಕೊಟ್ಟಳು, ಟೋರ್ಬೆನ್ ಅವತ್ತೇ ತಂಡ ಬಿಟ್ಟು ಎದ್ದು ಹೋದ.

ಈಗ ಅವನ ತಾಯಿ, ಮುದುಕಿ ಹೆಡ್ವಿಗ್, ಫೋನ್ ಮಾಡಿದ್ದಳು.

"ಮಣ್ಣಿಗೆ ಮುಂಚೆ ಅವನ ಹಾಡು ಹಾಕಿಸ್ಬೇಕು ಕಣೇ. ಆ ಗದ್ದಲ ಯಾರು ಕೇಳ್ತಾರೆ ಅಂತ ಬೈತಿದ್ದೆ, ಒಂದ್ಸಲಾನೂ ಪೂರ್ತಿ ಕೇಳ್ಲಿಲ್ಲ. ನಾಳೆ ನಾನೂ ಸತ್ಮೇಲೆ ಅಲ್ಲಿ ಅವನು ಸಿಕ್ದಾಗ ಕೇಳ್ದೆ ಕಣೋ ಅಂತ ಹೇಳ್ಬೇಡ್ವಾ?"

ವೀಬ್ಕೆಗೆ ಸಂಕಟವಾಯಿತು. ಮಗ ಅಲ್ಲಿ ಸಿಗುತ್ತಾನೆ ಎನ್ನುವುದೊಂದೇ ಮುದುಕಿಗೆ ಉಳಿದದ್ದು. ಅದನ್ನು ಅವನ ದನಿಯಲ್ಲೇ ಕಿತ್ತುಕೊಳ್ಳುವುದೇ? ಕಂಪ್ಯೂಟರ್ ಮುಂದೆ ಕೂತು ಆ ಸಾಲಿನಲ್ಲಿ ಅವನ ದನಿಯನ್ನು ಅಳಿಸಿದಳು. ತಾಳ ಹಾಗೇ ಬಿಟ್ಟಳು.

"ಮತ್ತೆ ಕತ್ತರಿ ಹಾಕ್ದೆ. ಬೈಕೋ ಹೋಗು ಟೋರ್ಬೆನ್," ಎಂದಳು ಪರದೆಗೆ.

ಸ್ಮಶಾನದ ಪ್ರಾರ್ಥನಾಮಂದಿರ ಸಿಗುವುದು ಅರ್ಧ ಗಂಟೆ ಮಾತ್ರ. ಆಮೇಲೆ ಇನ್ನೊಬ್ಬರ ಶವಕ್ಕೆ ಬಿಟ್ಟುಕೊಡಬೇಕು. ಒಳಗೆ ಕಾಲಿಡಲು ಜಾಗವಿಲ್ಲ. ಹಳೇ ಅಭಿಮಾನಿಗಳೆಲ್ಲ ತಲೆ ಬೋಳಾಗಿ, ಹೊಟ್ಟೆ ಬಂದು, ಬೂಟು ಹಾಕಿಕೊಂಡು ಬಂದಿದ್ದರು. ಸಾವಿಗೆ ಹಾಕುವ ಕಪ್ಪು ಬಟ್ಟೆಗೆ ಅವರು ಅಂಗಡಿ ಸುತ್ತಬೇಕಿರಲಿಲ್ಲ; ಶೋಗೆ ಹಾಕುತ್ತಿದ್ದದ್ದೇ ಸಾಕಾಗಿತ್ತು.

"ನಮ್ಮ ಕೊನೇ ಶೋಗೂ ಇಷ್ಟು ಜನ ಬಂದಿರ್ಲಿಲ್ವಲ್ಲೇ," ಎಂದ ಡ್ರಮ್ ಬಾರಿಸುವ ಗೆರೋ.

"ಬಾಯ್ಮುಚ್ಚೋ, ಪಾದ್ರಿ ನೋಡ್ತಿದಾರೆ."

ಹಾಡು ಶುರುವಾಯಿತು. ಶವಪೆಟ್ಟಿಗೆಯ ಮೇಲಿನ ಹೂಗಳು ನಡುಗಿದವು. ಹೆಡ್ವಿಗ್ ಕಿವಿಯ ಯಂತ್ರ ಒತ್ತಿ ಹಿಡಿದು ಕೇಳಿದಳು. ಅಳಿಸಿದ ಜಾಗ ಬಂತು, ಟೋರ್ಬೆನ್ ಸುಮ್ಮನಾದ, ಬರೀ ತಾಳ ಉಳಿಯಿತು.

ಆಗ ವೀಬ್ಕೆಗೆ ಹೊಳೆಯಿತು. ಅಯ್ಯೋ ದೇವರೇ! ವೇದಿಕೆಯ ಮೇಲೆ ಅವನು ಆ ಸಾಲನ್ನು ಯಾವತ್ತು ಹಾಡಿದ್ದ? ಅಲ್ಲಿಗೆ ಬಂದ ಕೂಡಲೇ ಬಾಯಿ ಮುಚ್ಚಿ ಮೈಕನ್ನು ಜನರ ಕಡೆ ಚಾಚುತ್ತಿದ್ದ. ಅದನ್ನು ಅವನ ಬೆನ್ನ ಹಿಂದೆಯೇ ನಿಂತು ನೋಡಿದವಳು ತಾನು! ಬುದ್ಧಿಗೆ ಯಾವ ಮಂಕು ಕವಿದಿತ್ತೋ.

ಮಂದಿರದ ತುಂಬ ಮುಷ್ಟಿಗಳು ಮೇಲೆದ್ದವು.

"ಆ ಕಡೆ ಯಾರೂ ಇಲ್ಲ!"

ಕಿಟಕಿಯ ಗಾಜು ಅದುರಿತು. ಕೂಗಿದವರೇ ನಾಲಿಗೆ ಕಚ್ಚಿಕೊಂಡು ಕೈ ಇಳಿಸಿದರು.

ಹೆಡ್ವಿಗ್ ವೀಬ್ಕೆಯ ತೋಳು ಜಗ್ಗಿದಳು. "ಏನೇ ಅಂದ್ರು ಎಲ್ರೂ?"

ಸುಳ್ಳು ಹೇಳಬಹುದಿತ್ತು. ಎದುರಿಗೆ ಅವನ ಪೆಟ್ಟಿಗೆ ಇತ್ತು.

"ಆ ಕಡೆ ಯಾರೂ ಇಲ್ಲ ಅಂದ್ರು. ಟೋರ್ಬೆನ್ ಬರೆದಿದ್ದು. ನಿಮಗೆ ನೋವಾಗುತ್ತೆ ಅಂತ ನಾನೇ ಅಳಿಸಿದ್ದೆ."

ಮುದುಕಿ ಪೆಟ್ಟಿಗೆಯನ್ನು ನೋಡುತ್ತಾ ಕೂತಳು.

"ಅವನು ಬರೆದಾಗ ಯಾರೂ ಇರ್ಲಿಲ್ವೇನೋ," ಎಂದಳು. "ಈಗ ಅವನೇ ಹೋಗಿದಾನಲ್ಲ. ಇನ್ಮೇಲೆ ಒಬ್ಬ ಇರ್ತಾನೆ."

ವೀಬ್ಕೆಗೆ ಅಳು ನುಗ್ಗಿ ಬಂತು. ಎಷ್ಟು ಒರೆಸಿಕೊಂಡರೂ ನಿಲ್ಲಲಿಲ್ಲ.

"ಹೊರಗೆ ಹೋಗಿ ಅಳು, ಬಾ," ಎಂದಳು ಹೆಡ್ವಿಗ್. "ಮುಂದಿನವರು ಕಾಯ್ತಿದಾರೆ."