ಅಮ್ಮನ ಮಾತಿದ್ದ ಟೇಪು

ಅಣ್ಣ ಹನ್ನೊಂದು ವರ್ಷದಿಂದ ತನ್ನ ಮೊದಲ ಕಾದಂಬರಿ ಬರೆಯುತ್ತಿದ್ದ. ಬರೆಯುತ್ತಿದ್ದ ಎನ್ನುವುದು ದೊಡ್ಡ ಮಾತು. ಮೊದಲ ಅಧ್ಯಾಯವನ್ನೇ ಮೂವತ್ತೆಂಟು ಸಲ ಬರೆದಿದ್ದ. ಕೊನೆಗೆ ಆ ಪರದಾಟವನ್ನೇ ಒಂದು ಗಂಟೆಯ ಏಕವ್ಯಕ್ತಿ ನಾಟಕ ಮಾಡಿ ರಂಗಕ್ಕೆ ತಂದ. ಚಿತ್ರೀಕರಣ ತಂಗಿಯದು. ಕ್ಯಾಮೆರಾ ಹಿಡಿದು ಪಳಗಿದ ಕೈ ಅವಳದು. ಅಲುಗಾಡಿದ ಶಾಟ್ ಒಂದನ್ನು ತೋರಿಸಿ, ನೋಡೋಣ.

ಆ ಮಧ್ಯಾಹ್ನ ಸಭಾಂಗಣ ತುಂಬಿತ್ತು. ಕಾಗದದ ರಾಶಿಯ ಹಿಂದೆ ಕೂತು ಅಣ್ಣ ತನ್ನನ್ನೇ ಗೇಲಿ ಮಾಡಿಕೊಂಡ. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆಮೇಲೆ, ಅಭ್ಯಾಸದಲ್ಲಿ ಒಮ್ಮೆಯೂ ಆಡದ ಮಾತೊಂದನ್ನು ಆಡಿಬಿಟ್ಟ.

"ಕಾದಂಬರಿ ನಿಂತಿರೋದು ಒಂದೇ ಕಡೆ. ಅಡುಗೆಮನೆಯಿಂದ ಅಮ್ಮ ಹೊರಗೆ ಬರ್ತಾಳೆ, ಬಾಯಿ ತೆಗೀತಾಳೆ, ಧ್ವನಿ ಬರಲ್ಲ. ಅವಳು ಹೋಗಿ ಇಪ್ಪತ್ತು ವರ್ಷ, ನಂಗೆ ಮರೆತೇಹೋಗಿದೆ. ಅವಳು ಮಾತಾಡಿರೋ ಟೇಪ್ ಒಂದು ತಂಗಿ ಹತ್ರ ಭದ್ರವಾಗಿದೆ. ಕೇಳೋ ಧೈರ್ಯ ಬಂದಿಲ್ಲ, ಅಷ್ಟೆ. ಕೇಳಿದ ದಿನ ಕಾದಂಬರಿ ಮುಗೀತು ಅಂತ ತಿಳ್ಕೊಳ್ಳಿ."

ಕ್ಯಾಮೆರಾದ ಹಿಂದಿದ್ದ ತಂಗಿಗೆ ಮಾತ್ರ ನಿಜ ಗೊತ್ತಿತ್ತು.

ಆ ಟೇಪು ಎಲ್ಲಿತ್ತು? ಅಣ್ಣನ ಮೊಟ್ಟಮೊದಲ ನಾಟಕದ ದಿನ ಖಾಲಿ ಟೇಪು ಮುಗಿದಾಗ, "ಯಾವುದಾದ್ರೂ ಹಳೇದು ಹಾಕು, ಈ ದೃಶ್ಯ ತಪ್ಪಬಾರದು" ಎಂದು ಪರದೆಯ ಹಿಂದಿನಿಂದ ಅವನೇ ಹೇಳಿದ್ದ. ಚೀಟಿ ಅಂಟಿಸದ ಒಂದು ಕೈಗೆ ಸಿಕ್ಕಿತು, ಹಾಕಿದಳು. ಅಮ್ಮನ ಮಾತು ಅಳಿಸಿ, ಅದರ ಮೇಲೆ ಅಣ್ಣನ ನಾಟಕ ಕೂತಿತು. ಅಮ್ಮ ಆಗ ಗಟ್ಟಿಮುಟ್ಟಾಗಿದ್ದಳು. ಗೊತ್ತಾದಾಗ, ಇನ್ನೊಂದು ತೆಗೆದರಾಯಿತು ಎಂದುಕೊಂಡಳು. ಮೂರು ತಿಂಗಳಲ್ಲಿ ಅಮ್ಮನೇ ಇರಲಿಲ್ಲ.

ಜನ ಚದುರಿದ ಮೇಲೆ ಅಣ್ಣ ಕ್ಯಾಮೆರಾದ ಪುಟ್ಟ ಪರದೆಗೆ ಬಗ್ಗಿದ. "ಟೇಪಿನ ಮಾತು ಬಂದಾಗ ಶಾಟ್ ಅಲುಗಾಡಿದೆಯಲ್ಲೇ. ನಿನ್ನ ಕೈಲಿ ಹೀಗಾಗೋದುಂಟಾ?"

ಟೇಪು ಅಳಿಸಿಹೋದದ್ದನ್ನು ಅವಳು ಹೇಳಿದಳು. ಹಳೆಯದು ಹಾಕು ಎಂದವನು ಅವನೇ ಎನ್ನುವುದನ್ನು ಮಾತ್ರ ನುಂಗಿಕೊಂಡಳು.

ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮುಂದಿನ ಸಾಲಿನ ಕುರ್ಚಿಯಲ್ಲಿ ಕುಸಿದು ಕೂತ.

"ಅದ್ರಲ್ಲಿ ಏನಂದಿದ್ಲು?"

"ಆ ಡಬ್ಬಾನ ಮುಖಕ್ಕೆ ಹಿಡೀಬೇಡ ಕಣೇ, ಇನ್ನೂ ತಲೆ ಬಾಚ್ಕೊಂಡಿಲ್ಲ, ಅಂತ."

ಅವನಿಗೆ ನಗು ಬಂತು, ಅದರ ಬೆನ್ನಿಗೇ ಅಳು. "ಅವಳು ಅಂದ ಹಾಗೇ ಅನ್ನು. ಒಂದೇ ಸಲ."

ತಂಗಿ ಕಣ್ಣು ಮುಚ್ಚಿ ಹೇಳಿದಳು. ಇನ್ನೊಮ್ಮೆ ಹೇಳಿದಳು. ಎರಡು ಸಲವೂ ಬಂದದ್ದು ಅವಳದೇ ಧ್ವನಿ; ಅಮ್ಮನದು ಅವಳಿಗೂ ಮರೆತಿತ್ತು.

"ಸಾಕು ಬಿಡು" ಎಂದು ಅಣ್ಣ ಎದ್ದು, ರಂಗದ ಮೇಜಿನ ಮೇಲಿನ ಮೂವತ್ತೆಂಟು ಮೊದಲ ಅಧ್ಯಾಯಗಳನ್ನು ಒಟ್ಟು ಮಾಡಿ ದಾರ ಸುತ್ತಿದ. ಗಂಟು ಜಾರದಂತೆ ಅವಳು ಬೆರಳಿಟ್ಟು ಹಿಡಿದುಕೊಂಡಳು.